ಮೂರು ಕಾಲಿನ ನಾಯಿ ಇದ್ದವರಿಗೆ ಮಾತ್ರ ಪ್ರವೇಶ

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡೋಣ. ಅಪ್ಪನಿಗೆ ಮೀಸೆ, ಅಮ್ಮನಿಗೆ ಕೊಡೆ, ಅಜ್ಜಿಯ ಕೈಯಲ್ಲಿ ಬಲೂನು, ನಾಯಿಗೆ ಮೂರೇ ಕಾಲು, ಮಗು ಇಲ್ಲವೇ ಇಲ್ಲ. ಏನದು?

ತಲೆ ಕೆರೆದುಕೊಳ್ಳಬೇಡಿ, ಬರುವುದಿಲ್ಲ. ಜೌಗು ನಡಿಗೆ ಮತ್ತು ಕುಟುಂಬ ಸಂತೋಷ ಇಲಾಖೆಯವರನ್ನು ಬಿಟ್ಟರೆ ಇದು ಯಾರಿಗೂ ಬರುವುದಿಲ್ಲ.

ಊರಾಚೆಯ ಜೌಗು ಬಯಲಿನಲ್ಲಿ ಹಾದುಹೋಗುವ ಮಣ್ಣಿನ ಏರಿಯನ್ನು ಸದರಿ ಇಲಾಖೆಯು 'ಕುಟುಂಬಸ್ನೇಹಿ ನಡಿಗೆ ದಾರಿ' ಎಂದು ಘೋಷಿಸಿತು. ಅದಕ್ಕೆ ಮೊದಲು ಅಲ್ಲಿ ಎಲ್ಲ ಕುಟುಂಬಗಳೂ ಸುಮ್ಮನೆ ನಡೆದಾಡುತ್ತಿದ್ದವು. ಹೀಗೇ ಬಿಟ್ಟರೆ ಇಲಾಖೆಗೆ ಮಾಡಲು ಏನೂ ಉಳಿಯುವುದಿಲ್ಲ ಎಂಬುದನ್ನು ಮನಗಂಡು ಏರಿಯ ತುದಿಗೆ ಒಂದು ಕಬ್ಬಿಣದ ಗೇಟು, ಗೇಟಿಗೆ ಒಬ್ಬ ಕಾವಲುಗಾರ, ಕಾವಲುಗಾರನ ತಲೆಯ ಮೇಲೆ ಒಂದು ಫಲಕ ಮಂಜೂರು ಮಾಡಲಾಯಿತು. ಬೇಲಿ ಹಾಕಲಿಲ್ಲ. ಗೇಟಿನ ಎರಡೂ ಪಕ್ಕ ಮಂಡಿಯುದ್ದ ಕೆಸರಿತ್ತು, ಅದೇ ಸಾಕಾಯಿತು. ಎಮ್ಮೆಗಳು ಮಾತ್ರ ಗೇಟಿನ ಪಕ್ಕದಿಂದಲೇ ಆರಾಮವಾಗಿ ಹೋಗಿ ಬರುತ್ತಿದ್ದವು. ಅವುಗಳಿಗೆ ಫಲಕ ಓದಲು ಬರುತ್ತಿರಲಿಲ್ಲ.

ಗೇಟು ಬಂದ ಮರುದಿನ ಬೆಳಿಗ್ಗೆ ಅಜ್ಜಿ ಮೊಮ್ಮಗಳು ಪುಟ್ಟಿಯ ಕೈ ಹಿಡಿದುಕೊಂಡು ಎಂದಿನಂತೆ ಬಂದರು. ಅಜ್ಜಿಯ ಮಂಡಿಗೆ ಮೆಟ್ಟಿಲು ಆಗದು, ದಿಣ್ಣೆ ಆಗದು. ದೇವರು ಈ ಬಯಲನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿದ್ದೇ ತನ್ನ ಮಂಡಿಗೋಸ್ಕರ ಎಂದು ಅವರು ನಂಬಿದ್ದರು. ಅಲ್ಲದೆ ಅರ್ಧ ದಾರಿಯಲ್ಲಿ, ಜೊಂಡಿನ ಮರೆಯಲ್ಲಿ, ಒಂದು ನೀರುಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಅದನ್ನು ಮೊದಲು ಕಂಡದ್ದು ಪುಟ್ಟಿ. ಮರಿ ಹೊರಗೆ ಬಂದಾಗ ಇಬ್ಬರೂ ಒಟ್ಟಿಗೇ ನೋಡಬೇಕು, ಒಬ್ಬರೇ ಕದ್ದು ನೋಡಿದರೆ ಠೂ ಎಂದು ಆಣೆಯಾಗಿತ್ತು. ನೀರುಕೋಳಿ ಮರಿಗಳು ಗೂಡಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಕಾಲು ಗಟ್ಟಿಯಾದದ್ದೇ ತಡ, ಅಮ್ಮನ ಹಿಂದೆ ನೀರಿಗಿಳಿದು ಮಾಯ.

ಕಾವಲುಗಾರ ಒಮ್ಮೆ ಫಲಕ ನೋಡಿದ, ಒಮ್ಮೆ ಇವರನ್ನು ನೋಡಿದ. ಮತ್ತೆ ಫಲಕ ನೋಡಿದ.

"ನೀವು ಕುಟುಂಬ ಅಲ್ಲ ಅಜ್ಜಿ."

"ಇವಳು ನನ್ನ ಮಗನ ಮಗಳು ಕಣಪ್ಪಾ! ಮೂಗು ನೋಡು, ಅಚ್ಚು ಹೊಯ್ದಂಗಿದೆ."

"ಮೂಗಿನ ವಿಷಯ ಆರ್ಡರಲ್ಲಿ ಇಲ್ಲ. ಫಲಕದಲ್ಲಿ ತೋರಿಸಿರುವಂಥ ಕುಟುಂಬಕ್ಕೆ ಮಾತ್ರ ಪ್ರವೇಶ ಅಂತ ಇದೆ. ನೋಡಿ, ಅಪ್ಪ ಇದಾನೆ, ಮೀಸೆ ಇದೆ. ಅಮ್ಮ, ಕೊಡೆ. ಮಗು, ಬಲೂನು. ನಾಯಿ. ಅಜ್ಜಿ ಎಲ್ಲಿದೆ? ನೀವೇ ತೋರಿಸಿ."

ಅಜ್ಜಿ ಕಣ್ಣು ಕಿರಿದು ಮಾಡಿ ಹುಡುಕಿದರು. ಇರಲಿಲ್ಲ. "ಆ ನಾಯಿಗೇನಪ್ಪಾ ಮೂರೇ ಕಾಲು?"

"ಇಲಾಖೆ ಎಷ್ಟು ಕೊಟ್ಟಿದೆಯೋ ಅಷ್ಟು."

ನಿಜ ಸಂಗತಿ ಏನೆಂದರೆ, ಪೇಂಟರು ನಾಯಿಯನ್ನು ಕೊನೆಗೆ ಬರೆದಿದ್ದ. ಹಲಗೆ ಮುಗಿಯಿತು, ನಾಯಿ ಮುಗಿಯಲಿಲ್ಲ. ಆದರೆ ಸಾಹೇಬರು ಫಲಕಕ್ಕೆ ಸಹಿ ಹಾಕಿಯಾಗಿತ್ತು. ಸಹಿಯಾದ ಮೇಲೆ ನಾಯಿಗೆ ಕಾಲು ಬೆಳೆಯುವಂತಿಲ್ಲ.

ಪುಟ್ಟಿಯ ಅಪ್ಪ ಅಮ್ಮ ಇಬ್ಬರೂ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿಯವರು. ಬೆಳಿಗ್ಗೆ ಹೊತ್ತು ಅವರನ್ನು ಎಬ್ಬಿಸುವುದೂ ಐಸ್ ಗಡ್ಡೆಯನ್ನು ಎಬ್ಬಿಸುವುದೂ ಒಂದೇ. ಆದ್ದರಿಂದ ಆ ಬಾಗಿಲೂ ಮುಚ್ಚಿತು.

ಊರಿನ ಮಿಕ್ಕ ಜನ ಬೇಗ ಹೊಂದಿಕೊಂಡರು. ಮೀಸೆಯಿಲ್ಲದ ಅಪ್ಪಂದಿರು ಇದ್ದಿಲಿನಲ್ಲಿ ಬರೆದುಕೊಂಡರು. ಕೊಡೆ, ಬಲೂನು ಬಾಡಿಗೆಗೆ ಕೊಡುವ ಒಂದು ಅಂಗಡಿ ಗೇಟಿನ ಪಕ್ಕದಲ್ಲೇ ಹುಟ್ಟಿಕೊಂಡಿತು. ಅದರ ಮಾಲೀಕ ಸಾಹೇಬರ ಬಾಮೈದ ಆಗಿದ್ದದ್ದು ಕೇವಲ ಸಂಬಂಧದ ವಿಷಯ. ಕಷ್ಟವಾದದ್ದು ನಾಯಿಯದ್ದು. ಅದಕ್ಕೂ ಕಾವಲುಗಾರನೇ ದಾರಿ ಹುಡುಕಿದ. ಗೇಟಿನ ಕಂಬದ ಹತ್ತಿರ ನಿಂತ ನಾಯಿ ಇವತ್ತಲ್ಲ ನಾಳೆ ಒಂದು ಕಾಲು ಎತ್ತೇ ಎತ್ತುತ್ತದೆ. ಎತ್ತಿದ ಆ ಗಳಿಗೆಯಲ್ಲಿ ಅದು ನಿಯಮದಂತೆ ಮೂರು ಕಾಲಿನ ನಾಯಿ. "ಹ್ಞಾಂ, ಎತ್ತಿತು, ಓಡಿ ಓಡಿ!" ಎಂದು ಆತ ಕೂಗಿದ ಕೂಡಲೇ ಕುಟುಂಬ ಒಳಗೆ ನುಗ್ಗುತ್ತಿತ್ತು. ಒಳ್ಳೆಯ ಮನೆತನದವರೆಲ್ಲ ಬೆಳಗಾಗೆದ್ದು ನಾಯಿಗೆ ತಂಬಿಗೆಗಟ್ಟಲೆ ನೀರು ಕುಡಿಸಿ ಕಂಬದ ಮುಂದೆ ಸಾಲು ನಿಲ್ಲುತ್ತಿದ್ದರು.

ಮಕ್ಕಳಿಲ್ಲದ ಟೈಲರ್ ಗಂಡ ಹೆಂಡತಿ ಪುಟ್ಟಿಯನ್ನು ಕರೆದರು. "ಬಾರೇ, ನಮ್ಮ ಮಗು ಅಂತ ಬಾ, ಬಲೂನೂ ಕೊಡಿಸ್ತೀವಿ."

"ಅಜ್ಜಿ ಇಲ್ದೆ ನಾನು ಬರಲ್ಲ," ಎಂದು ಪುಟ್ಟಿ ಕೆಸರಿಗೆ ಕಲ್ಲೆಸೆದಳು.

ಅಜ್ಜಿ ಸೆರಗು ಬಿಗಿದುಕೊಂಡು ಇಲಾಖೆಗೆ ಹೊರಟೇಬಿಟ್ಟರು. ಸಾಹೇಬರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಸಾಹೇಬರು ತಿರುಗುವ ಕುರ್ಚಿಯಲ್ಲಿ ಅದರ ಎದುರು ದಿಕ್ಕಿಗೆ ತಿರುಗುತ್ತಿದ್ದರು.

"ಇಲಾಖೆ ಅಜ್ಜಿಯರ ವಿರೋಧಿ ಅಲ್ಲ ತಾಯಿ," ಎಂದರು ಸಾಹೇಬರು. "ನನಗೂ ಒಬ್ಬ ಅಜ್ಜಿ ಇದ್ದರು."

"ಹಾಗಾದ್ರೆ ಅವರನ್ನೇ ನೆನೆಸ್ಕೊಂಡು ಒಂದು ದಾರಿ ಮಾಡಿಕೊಡಿ ಸ್ವಾಮಿ. ನೀರುಕೋಳಿ ಮೊಟ್ಟೆ ನನಗೂ ಕಾಯೋದಿಲ್ಲ, ನಿಮಗೂ ಕಾಯೋದಿಲ್ಲ."

ಸಾಹೇಬರ ಮನಸ್ಸು ಕರಗಿತು. ಪೇಂಟರನ್ನು ಕರೆಸಿದರು. "ಫಲಕಕ್ಕೆ ಒಂದು ಅಜ್ಜಿ ಸೇರಿಸು."

"ಜಾಗ ಇಲ್ಲ ಸಾರ್. ನಾಯಿ ಕಾಲಿಗೇ ಜಾಗ ಇರಲಿಲ್ಲ. ಯಾರನ್ನಾದ್ರೂ ಎತ್ತಬೇಕಾಗುತ್ತೆ."

ಸಾಹೇಬರು ಗಂಭೀರವಾಗಿ ಯೋಚಿಸಿದರು. ಅಪ್ಪನನ್ನು ತೆಗೆದರೆ ಶಿಸ್ತು ಹೋಗುತ್ತದೆ. ಅಮ್ಮನನ್ನು ತೆಗೆದರೆ ಕೊಡೆ ಹೋಗುತ್ತದೆ, ಬಾಮೈದ ಮನೆಗೆ ಬಂದು ಕೂರುತ್ತಾನೆ. ನಾಯಿಯನ್ನು ಮುಟ್ಟಿದರೆ ಜನ ಸುಮ್ಮನಿರುವುದಿಲ್ಲ.

"ಮಗು ಚಿಕ್ಕದು. ಅದನ್ನೇ ತೆಗಿ. ಬಲೂನು ಮಾತ್ರ ಹಾಗೇ ಇರಲಿ."

ಹೀಗೆ ಫಲಕದಲ್ಲಿ ಮಗುವಿನ ಮೇಲೆ ಅಜ್ಜಿ ಬಂದಿತು, ಬಲೂನು ಅಜ್ಜಿಯ ಕೈಗೆ ಬಂದಿತು. ಜೊತೆಗೆ ಸುತ್ತೋಲೆ ಹೊರಟಿತು: 'ಸಾರ್ವಜನಿಕರ ಬೇಡಿಕೆಯ ಮೇರೆಗೆ ಪ್ರತಿ ಕುಟುಂಬವೂ ಒಬ್ಬ ಅಜ್ಜಿಯನ್ನು ಬಲೂನು ಸಮೇತ ಹೊಂದಿರತಕ್ಕದ್ದು. ಮಕ್ಕಳು ಗೇಟಿನ ಹೊರಗಿನ ಬೆಂಚಿನ ಮೇಲೆ ಸಂತೋಷವಾಗಿರತಕ್ಕದ್ದು. ಮಕ್ಕಳ ಗಲಾಟೆ ಇಲ್ಲದ್ದರಿಂದ ನಡಿಗೆಯು ಇನ್ನಷ್ಟು ಕುಟುಂಬಸ್ನೇಹಿಯಾಗಿದೆ.'

ಅಜ್ಜಿಯಂದಿರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಊರಿನ ಹೆಚ್ಚಿನ ಅಜ್ಜಿಯರು ಅಷ್ಟು ದೂರ ನಡೆಯಲಾರರು. ನಮ್ಮ ಅಜ್ಜಿ ಗೇಟಿಗೆ ಕಾಲಿಟ್ಟರೆ ಸಾಕು, "ನಮ್ಮ ಜೊತೆ ಬನ್ನಿ ಅಜ್ಜೀ," "ಇಲ್ಲ, ನಾವು ಮೊದಲೇ ಹೇಳಿದ್ದು" ಎಂದು ಎರಡೂ ಕೈ ಎರಡು ಕುಟುಂಬಕ್ಕೆ. ಒಂದು ಕುಟುಂಬದೊಂದಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಕಾದಿರುತ್ತಿತ್ತು. ಒಲ್ಲೆ ಎನ್ನುವಂತಿರಲಿಲ್ಲ. ಬೇಡಿಕೆ ಇಟ್ಟವರೇ ಅವರು ಎಂದು ಸುತ್ತೋಲೆಯಲ್ಲೇ ಇತ್ತಲ್ಲ.

ಪುಟ್ಟಿ ಬೆಂಚಿನ ಮೇಲೆ ಮಿಕ್ಕ ಮಕ್ಕಳ ಜೊತೆ ನಿಯಮದಂತೆ ಸಂತೋಷವಾಗಿದ್ದಳು. ಅಜ್ಜಿ ಹೊರಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ. "ಒಡೀತಾ?"

"ಗೊತ್ತಿಲ್ಲ ಕಣೇ. ನಾನು ನೋಡಿಲ್ಲ."

ಅದು ನಿಜವಾಗಿತ್ತು. ಜೊಂಡಿನ ಹತ್ತಿರ ಬಂದ ಕೂಡಲೇ ಅಜ್ಜಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬಲೂನಿನ ದಾರ ಹಿಡಿದು, ಕಾಲಲ್ಲಿ ನೆಲ ತಡವುತ್ತಾ ದಾಟುತ್ತಿದ್ದರು. ಎರಡು ಕುಟುಂಬದವರು ದೂರು ಕೊಟ್ಟರು. ಫಲಕದ ಅಜ್ಜಿಗೆ ಕಣ್ಣು ತೆರೆದಿದೆ, ನಮಗೆ ಸಿಕ್ಕ ಅಜ್ಜಿಗೆ ಮುಚ್ಚಿದೆ. ಇಲಾಖೆ ದೂರನ್ನು ಪರಿಶೀಲಿಸಿ, ಅಜ್ಜಿಯರು ಕಣ್ಣು ತೆರೆದೇ ನಡೆಯತಕ್ಕದ್ದು ಎಂದು ಆದೇಶಿಸಿತು. ಅದು ಅಂಟಿಸಿದ ದಿನವೇ, ಮುಚ್ಚಿದ ಕಣ್ಣಿನ ಅಜ್ಜಿಗೆ ಜೊಂಡಿನೊಳಗಿಂದ ಚೀಂವ್ ಎಂದು ಸಣ್ಣ ದನಿ ಕೇಳಿತು. ಆಮೇಲೆ ಇನ್ನೊಂದು.

ಬೆಂಚಿಗೆ ಬಂದ ಅಜ್ಜಿ, "ಬಂದಿವೆ ಕಣೇ," ಎಂದರು. "ಕೇಳಿಸಿತು. ನೋಡಿಲ್ಲ, ನಿನ್ನಾಣೆ. ನಾಳೆ ಹೇಗಾದ್ರೂ ಇಬ್ರೂ ಹೋಗಲೇಬೇಕು."

"ಎಮ್ಮೆ ಥರ ಪಕ್ಕದಿಂದ ಹೋಗೋಣ ಅಜ್ಜಿ."

"ಎಮ್ಮೆ ಮಂಡಿ ಇದ್ದಿದ್ರೆ ನಿನ್ನನ್ನ ಹೊತ್ಕೊಂಡೇ ಹೋಗ್ತಿದ್ದೆ."

ಅಂದು ಸಂಜೆ ಮಳೆ ಬಂತು ನೋಡಿ! ಹುಯ್ಯೋ ಎಂದು ಹುಯ್ಯಿತು. ಬೆಳಿಗ್ಗೆ ನೋಡಿದರೆ ಫಲಕದಲ್ಲಿ ಮೀಸೆ ಇಲ್ಲ, ಕೊಡೆ ಇಲ್ಲ, ಬಲೂನಿಲ್ಲ, ನಾಯಿಯ ಮೂರು ಕಾಲೂ ಇಲ್ಲ. ಬರೀ ಹಲಗೆ. ಕಾವಲುಗಾರ ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದ. ಮೀಸೆ ಬರೆದುಕೊಂಡು ಬಂದವರನ್ನು, ನಾಯಿಗೆ ನೀರು ಕುಡಿಸಿಕೊಂಡು ಬಂದವರನ್ನು ಎಲ್ಲ ವಾಪಸ್ ಕಳಿಸಿದ.

"ಇವತ್ತು ಯಾರೂ ಅಲ್ಲದವರಿಗೆ ಮಾತ್ರ ಪ್ರವೇಶ."

ಅಜ್ಜಿ ಪುಟ್ಟಿಯ ಕೈ ಹಿಡಿದು ಮುಂದೆ ಬಂದರು. "ನಾವು ಯಾರೂ ಅಲ್ಲ ಕಣಪ್ಪಾ."

"ಇಬ್ಬರೂ?"

"ಇಬ್ಬರೂ. ಕುಟುಂಬ ಅಲ್ಲ ಅಂತ ನೀನೇ ಹೇಳಿದ್ದಲ್ವಾ, ಮೊದಲನೇ ದಿನ?"

ಕಾವಲುಗಾರ ಫಲಕ ನೋಡಿದ, ಇವರನ್ನು ನೋಡಿದ. ಸರಿಯಾಗಿ ಹೊಂದಿಕೆಯಾಯಿತು. ಗೇಟು ತೆರೆದು ಸೆಲ್ಯೂಟ್ ಹೊಡೆದ.

ಜೊಂಡಿನ ಹತ್ತಿರ ಅಜ್ಜಿ, "ಈಗ ತೆರೀಲಾ?" ಎಂದರು. "ಹೂಂ, ತೆರಿ," ಎಂದಳು ಪುಟ್ಟಿ. ಕೆಂಪು ಕೊಕ್ಕಿನ ಕರಿ ಉಂಡೆಗಳು, ನೀರಿಗೆ ಇಳಿಯಲೋ ಬೇಡವೋ ಎಂದು ಸಾಲಾಗಿ ನಿಂತಿದ್ದವು. ಒಂದು ಇಳಿಯಿತು. ಮಿಕ್ಕವು ಅದರ ಮೇಲೇ ಬಿದ್ದವು. ಅಜ್ಜಿ ನಕ್ಕಿದ್ದಕ್ಕೆ ಏರಿಯೇ ಅಲುಗಿತು.

ಮರುದಿನದಿಂದ ಇಡೀ ಊರು ಯಾರೂ ಅಲ್ಲದವರಾಗಿ ಮಕ್ಕಳು ಮರಿ ಸಮೇತ ನಡೆದಾಡಿತು. ಒಬ್ಬರೂ ಬಂದಿಲ್ಲ, ಒಂದು ದೂರೂ ಇಲ್ಲ ಎಂದು ಸಾಹೇಬರು ಮೇಲಕ್ಕೆ ವರದಿ ಕಳಿಸಿದರು. ಅತ್ಯಂತ ಶಾಂತ ದಾರಿ ಎಂದು ಇಲಾಖೆಗೆ ಬಹುಮಾನ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಬಯ್ಯಬೇಡಿ. ಮಳೆಯಿಂದ ಈಚೆಗಿನದೆಲ್ಲ ನಾನೇ ಕಟ್ಟಿದ್ದು. ಅದು ಎಣ್ಣೆ ಬಣ್ಣ, ಏಳು ಮಳೆಗೂ ಜಗ್ಗುವುದಿಲ್ಲ. ಚೀಂವ್ ಎಂದದ್ದು ಇವತ್ತು ಬೆಳಿಗ್ಗೆಯಷ್ಟೇ. ಅಜ್ಜಿ ಈಗಲೂ ಯಾರದೋ ಕುಟುಂಬದ ಜೊತೆ ಕಣ್ಣು ಮುಚ್ಚಿಕೊಂಡು ಒಳಗಿದ್ದಾರೆ. ಪುಟ್ಟಿ ಬೆಂಚಿನ ಮೇಲೆ ಕೂತು ಈ ಕೊನೆಯನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, ಎಣ್ಣೆ ಬಣ್ಣ ಯಾವುದಕ್ಕೆ ಹೋಗುತ್ತೆ ಅಂತ ಕೇಳಿದಳು. ಪೇಂಟರ್ ಹತ್ತಿರ ಒಂದು ಡಬ್ಬ ಟರ್ಪೆಂಟೈನ್ ಇದೆ, ಕಾವಲುಗಾರ ಸಂಜೆ ಟೀಗೆ ಹೋಗುತ್ತಾನೆ ಎಂದಷ್ಟೇ ನಾನು ಹೇಳಿದ್ದು.