ಮಳೆ ನೆರಳಿನ ಮನೆ

ಹೂಡಿಯ ಬಾಡಿಗೆ ಮನೆಯಲ್ಲಿರುವ ಭೂಗೋಳದ ಮೇಷ್ಟ್ರು ದೇವರಾಜ್ ಜೂನ್‌ನಲ್ಲಿ ಒಂದು ಪಾಠ ಹೇಳಿ ಕೆಟ್ಟರು. “ಬೋರ್‌ವೆಲ್ ಬತ್ತೋಯ್ತು, ಮಳೆ ಯಾಕಿಲ್ಲ?” ಎಂದು ಓನರ್ ಭಾಗ್ಯಮ್ಮ ಕೇಳಿದ್ದರು.

“ಅರಬ್ಬಿ ಸಮುದ್ರದ ಮೋಡ ಪಶ್ಚಿಮ ಘಟ್ಟ ಹತ್ತುವಾಗ ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತಮ್ಮ. ಬೆಟ್ಟದ ಈಚೆ ಇರೋ ನಮಗೆ ಮಿಕ್ಕಿದ್ದಷ್ಟೇ. ನಮ್ಮದು ಮಳೆ ನೆರಳು.”

ಈಗ ಅಕ್ಟೋಬರ್. ಬೂದಿ ಬಣ್ಣದ ಆಕಾಶ, ಬಿಡದ ಮಳೆ. ತಾರಸಿಯ ಗಾರೆ ಉದುರಿ, ತೂತಿನಿಂದ ನೀರು ಹಾಸಿಗೆಗೇ ಬೀಳುತ್ತಿತ್ತು. ಬಾಣಂತನ ಮುಗಿಸಿದ ಹೆಂಡತಿ ಕೃಪಾ ಸಂಜೆಯ ರೈಲಿಗೆ ಬಂಗಾರಪೇಟೆಯಿಂದ ಮಗುವಿನೊಂದಿಗೆ ಬರುವವಳಿದ್ದಳು. “ತೊಟ್ಟಿಲಿಗೆ ಒಣಗಿದ ಒಂದು ಮೂಲೆ ಇರ್ಬೇಕು. ಇಲ್ದಿದ್ರೆ ಬಂದ ದಾರೀಲೇ ವಾಪಸ್” ಎಂದು ಫೋನಿನಲ್ಲಿ ಹೇಳಿದ್ದಳು.

“ಅಮ್ಮ, ತಾರಸಿ ರಿಪೇರಿ ಇವತ್ತೇ ಆಗ್ಬೇಕು.”

“ಯಾಕೆ ಮೇಷ್ಟ್ರೇ? ಬೆಟ್ಟದ ಈಚೆ ಮಳೆ ಬೀಳಲ್ಲ ಅಂತ ನೀವೇ ಯೋಳಿದ್ರಲ್ಲ.” ಭಾಗ್ಯಮ್ಮ ಪಡುವಣ ಬದಿಯ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟಿನತ್ತ ಕೈ ತೋರಿದರು. “ನಮ್ ಗಲ್ಲಿಗೆ ಅದೇ ಬೆಟ್ಟ. ಒಸಿ ತಡೀರಿ, ನಿಂತೋಯ್ತದೆ.”

“ಅಪಾರ್ಟ್‌ಮೆಂಟು ಮೋಡ ತಡೆಯಲ್ಲಮ್ಮ!”

“ಅಂಗಾದ್ರೆ ಜೂನ್‌ನಾಗೆ ಎಂಗೆ ತಡೀತು?” ಪಕ್ಕದ ಮನೆಯ ದೊಡ್ಡಮುನಿಯಪ್ಪ ಗೋಡೆಯಾಚೆಯಿಂದ ಸೇರಿಕೊಂಡರು. “ಮಾತು ತಿರುಗಿಸ್ತಾರೆ ಕಣಮ್ಮ ಮೇಷ್ಟ್ರು.”

ಗಾಳಿ ಯಾವ ಕಡೆಯದೆಂದು ತೋರಿಸಲು ದೇವರಾಜ್ ಕೊಡೆ ಹಿಡಿದು ತಾರಸಿಗೆ ಓಡಿದರು. ಕೊಡೆ ದತ್ತೂರಿ ಹೂವಿನಂತೆ ಮೇಲ್ಮುಖವಾಗಿ ಅರಳಿತು. ಪಾಚಿಯ ಮೇಲೆ ಜಾರಿ ಕುಕ್ಕರಿಸಿದರು. ಗಲ್ಲಿಗೆ ಗಲ್ಲಿಯೇ ನೋಡಿತು. ಹೇಳುತ್ತಿರುವುದು ಸುಳ್ಳೆಂದು ಗೊತ್ತಿದ್ದೂ ಕೂತಲ್ಲಿಂದಲೇ ಕೂಗಿದರು:

“ಆಯ್ತು, ಅದೇ ಬೆಟ್ಟ! ಆದ್ರೆ ಈಗ ಗಾಳಿ ಬರ್ತಿರೋದು ಬಂಗಾಳ ಕೊಲ್ಲಿಯಿಂದ, ಮೂಡಲಿಂದ. ಬೆಟ್ಟಕ್ಕೆ ಎದುರುಗಡೆ ಇರೋದೇ ನಾವು! ಇಡೀ ಹೂಡಿ ಮಳೆ ಈ ತಾರಸಿ ಮೇಲೇ ಸುರಿಯುತ್ತೆ!”

ಭಾಗ್ಯಮ್ಮನ ಕಣ್ಣು ಅರಳಿತು. “ಇಡೀ ಹೂಡಿದಾ?”

“ಇಡೀ ಹೂಡಿದು!”

“ನೀವ್ ಸ್ಕೂಲಿಗೋಗಿ ಮೇಷ್ಟ್ರೇ. ಆ ತೂತಿನ ಜವಾಬ್ದಾರಿ ನಂದು.”

ಸಂಜೆ ಕೃಪಾ ಮಗುವನ್ನು ಎದೆಗವಚಿಕೊಂಡು ರೈಲಿಳಿದಳು. “ಒಣಗಿದೆ ತಾನೇ?”

“ಓನರೇ ನಿಂತು ಮಾಡಿಸಿದ್ದಾರೆ ಕಣೆ,” ಸ್ಕೂಲಿನಿಂದ ನೇರ ಸ್ಟೇಷನ್ನಿಗೆ ಬಂದಿದ್ದ ದೇವರಾಜ್ ಹೇಳಿದರು.

ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಕೊಡ ಹಿಡಿದವರ ಸಾಲು. ತಾರಸಿಯ ತೂತನ್ನು ಇನ್ನಷ್ಟು ಅಗಲ ಮಾಡಿ ಇಳಿಸಿದ್ದ ದಪ್ಪ ಪೈಪು, ತೊಟ್ಟಿಲಿನ ಜಾಗದಲ್ಲಿ ಕೂತ ನೀಲಿ ಡ್ರಮ್ಮಿಗೆ ಧೋ ಎಂದು ಸುರಿಯುತ್ತಿತ್ತು.

“ಬನ್ನಿ ಮೇಷ್ಟ್ರೇ,” ಭಾಗ್ಯಮ್ಮ ಬೀಗುತ್ತ ಕರೆದರು. “ಬೋರ್‌ವೆಲ್ ಬತ್ತಿರೋವಾಗ ಇಡೀ ಹೂಡಿ ಮಳೆ ಬೀಳೋ ತೂತನ್ನ ಯಾರಾದ್ರೂ ಮುಚ್ತಾರಾ?”

ಕೃಪಾ ಚಪ್ಪಲಿ ಬಿಡಲಿಲ್ಲ. “ವಾಪಸ್ ರೈಲು ಎಷ್ಟೊತ್ತಿಗೆ?”

ದೇವರಾಜ್ ಬಾಯಿ ತೆರೆದರು. ಸಾಲಿನ ತುದಿಯಲ್ಲಿದ್ದ ದೊಡ್ಡಮುನಿಯಪ್ಪ ತಡೆದರು.

“ಪಾಠ ಆಮೇಲೆ ಮಾಡಿ ಮೇಷ್ಟ್ರೇ. ಈ ಕೊಡಕ್ಕೆ ಒಸಿ ಕೈ ಹಾಕಿ.”