ಹನ್ನೆರಡಡಿ ತೋಟಕ್ಕೆ ಒಂದಡಿ ಲೂಸು

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಚೀಟಿ. ಅಂಗಿಯ ಅಳತೆ ಬರೆಯುವ ಪುಸ್ತಕದಿಂದ ಹರಿದ ಆ ಚೀಟಿಯಲ್ಲಿ ದರ್ಜಿಯೊಬ್ಬ ತನ್ನ ತೋಟದ ಬೇಲಿಯ ಅಳತೆ ಬರೆದು ಬಡಗಿಗೆ ಕೊಟ್ಟಿದ್ದ.

ಬೀದಿಯವರೆಲ್ಲ ಈ ದರ್ಜಿಯನ್ನು ಕತ್ತರಿಯಪ್ಪ ಎನ್ನುತ್ತಿದ್ದರು. ಅಪ್ಪನ ಹಳೇ ಪ್ಯಾಂಟೊಂದನ್ನು ಕೊಟ್ಟರೆ ಇಬ್ಬರು ಮಕ್ಕಳಿಗೂ ಚಡ್ಡಿ ಹೊಲಿದು, ಉಳಿದ ಚೂರಿನಲ್ಲಿ ಅಮ್ಮನಿಗೊಂದು ಚೀಲ ಮಾಡಿಕೊಡುವ ಆಸಾಮಿ. ಬಟ್ಟೆ ವ್ಯರ್ಥವಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನ ಹೆಂಡತಿಯೋ, ಇಪ್ಪತ್ತು ವರ್ಷದ ಸಂಜೆಗಳನ್ನೆಲ್ಲ ಒಳಕೋಣೆಯ ಬಲ್ಬಿನ ಕೆಳಗೆ ಗುಂಡಿ ಹಾಕುತ್ತ ಕಳೆದವಳು. ಮನೆಯ ಮೆಟ್ಟಿಲಿಳಿದರೆ ಕಾಲುದಾರಿ, ದಾರಿಯಾಚೆ ಇವರದೇ ಹನ್ನೆರಡಡಿ ಅಗಲದ ಖಾಲಿ ಜಾಗ, ಅದರ ಹಿಂದೆ ಶಾಲೆಯ ಎತ್ತರದ ಗೋಡೆ. ಜಾಗದಲ್ಲಿ ಬೀದಿನಾಯಿಗಳು ಸಂಸಾರ ಹೂಡಿದ್ದವು. “ಒಂದು ಸಂಜೆನಾದ್ರೂ ಸೂಜಿ ಕೆಳಗಿಟ್ಟು ಗಿಡದ ಹತ್ರ ಕೂತು ಚಹಾ ಕುಡೀಬೇಕು ಕಣ್ರೀ” ಎಂದು ಅವಳು ಅಂದದ್ದು ಒಂದೇ ಸಲ. ಕತ್ತರಿಯಪ್ಪನಿಗೆ ಆ ಮಾತು ನಾಟಿಬಿಟ್ಟಿತು. ನಾಲ್ಕು ವರ್ಷ ಕೂಡಿಟ್ಟದ್ದು ಎಂಟು ಸಾವಿರ. ಬೇಲಿಗೂ ಗೇಟಿಗೂ ಸೇರಿ ನಾಲ್ಕು, ಇಬ್ಬರು ಕೂರುವ ಕಲ್ಲುಬೆಂಚಿಗೆ ಎರಡು, ಹುಲ್ಲುಹಾಸಿಗೆ ಸಾವಿರದಿನ್ನೂರು, ಉಳಿದ ಎಂಟುನೂರಕ್ಕೆ ಹೂವಿನ ಗಿಡ. ಅಲ್ಲಿಗೆ ಗಂಟು ಖಾಲಿ.

“ಸಂಜೆ ನಾನು ಕೂಗೋ ತನಕ ಹೊರಗೆ ಇಣುಕಬೇಡ” ಎಂದು ಭಾನುವಾರ ಬೆಳಿಗ್ಗೆ ಹೆಂಡತಿಗೆ ಆಣೆ ಹಾಕಿಸಿ ಅವನು ಹೊರಬಂದ. ಅವಳು ಮರುದಿನ ಕೊಡಬೇಕಿದ್ದ ಶಾಲೆ ಸಮವಸ್ತ್ರಗಳ ರಾಶಿ ಮುಂದಿಟ್ಟುಕೊಂಡು ಕೂತಳು.

ಬಡಗಿ ಗಾಡಿಯಿಂದ ಬೇಲಿ ಇಳಿಸಿ ಮುಂಭಾಗಕ್ಕೆ ಹಿಡಿದು ನೋಡಿದ. ಎರಡೂ ಕಡೆ ಅರ್ಧರ್ಧ ಅಡಿ ಹೊರಗೆ ಚಾಚಿತು.

“ಏನಯ್ಯಾ ಇದು, ಜಾಸ್ತಿ ಮಾಡಿದ್ದೀಯ?”

“ನಿಮ್ಮ ಚೀಟಿ ನೀವೇ ಓದ್ಕೊಳ್ಳಿ. ಹದಿಮೂರು ಅಂತ ಬರ್ದಿದ್ದೀರಿ.”

ಕತ್ತರಿಯಪ್ಪ ಚೀಟಿ ನೋಡಿದ. ಅವನದೇ ಅಕ್ಷರ. ಮೂವತ್ತಾರರ ಎದೆಗೆ ಮೂರಿಂಚು ಸಡಿಲ ಬಿಡುವ ಕೈ, ಅದೇ ಲೆಕ್ಕದಲ್ಲಿ ಹನ್ನೆರಡಡಿಗೆ ಒಂದಡಿ ಬಿಟ್ಟಿತ್ತು.

“ಸ್ವಲ್ಪ ಲೂಸ್ ಇಟ್ಟೆ ಕಣಯ್ಯಾ, ಅಭ್ಯಾಸ” ಎಂದ ಮೆಲ್ಲಗೆ.

“ಬೇಲಿ ಏನು ಉಸಿರಾಡುತ್ತಾ? ಚೌಕಟ್ಟು ಬಿಚ್ಚಿ ಚಿಕ್ಕದು ಮಾಡೋಕೆ ಸಾವಿರದಿನ್ನೂರಾಗುತ್ತೆ.”

“ಸಾವಿರದಿನ್ನೂರಾ? ನನ್ನ ಹುಲ್ಲೇ ಹೋಯ್ತಲ್ಲೋ.”

“ನನ್ನ ಮಗನ ಅಂಗಿ ಚಿಕ್ಕದು ಮಾಡಿದಾಗ ನೀವೇನು ಬಿಟ್ಟಿ ಮಾಡಿದ್ರಾ?”

ಅಷ್ಟರಲ್ಲಿ ಬಲಗಡೆ ಜಾಗದಿಂದ ನಿವೃತ್ತ ಹೆಡ್‌ಮಾಸ್ತರರು ಬಂದರು. ಬೀದಿಯಲ್ಲಿ ಮೊಳೆ ಹೊಡೆಯುವ ಸದ್ದಾದರೂ ಸಾಕು, ಮೂಗು ತೂರಿಸದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

“ಕತ್ತರಿಸೋದ್ಯಾಕೆ? ನನ್ನ ಕಡೆ ಅರ್ಧ ಅಡಿ ಒಳಗೆ ಬರ್ಲಿ. ಪಾಪ, ನೀನೇನು ಎತ್ಕೊಂಡು ಹೋಗ್ತೀಯಾ? ಆದ್ರೆ ನನ್ನ ಕಡೆಯಿಂದ ಒಂದು ಪುಟ್ಟ ಗೇಟು ಇಡಿಸ್ಬಿಡು. ಸಂಜೆ ಹೊತ್ತು ಬಂದು ಐದು ನಿಮಿಷ ಕೂತು ಹೋಗ್ತೀನಿ.”

ಅವರಿಗೆ ಗೇಟು ಕೊಟ್ಟ ಮೇಲೆ ಎಡಗಡೆಯ ನರ್ಸಮ್ಮ ಸುಮ್ಮನಿರುತ್ತಾರೆಯೇ? ರಾತ್ರಿಪಾಳಿ ಮುಗಿಸಿ ಬಂದು ಕಣ್ಣುಜ್ಜುತ್ತಲೇ, “ನನ್ನ ಕಡೆನೂ ಅರ್ಧ ಅಡಿ ತಗೊಳ್ಳಿ. ಗೇಟು ಮಾತ್ರ ನನಗೂ ಬೇಕು” ಎಂದರು.

ಇದ್ದದ್ದು ನಾಲ್ಕಡಿ ಅಗಲದ ಒಂದೇ ಗೇಟು. ಇನ್ನೊಂದಕ್ಕೆ ದುಡ್ಡು ತರಬೇಕೆಂದರೆ ಬೆಂಚು ಬಿಡಬೇಕು. ಬೆಂಚು ಬಿಟ್ಟರೆ ಹೆಂಡತಿ ಕೂರುವುದೆಲ್ಲಿ? ಕತ್ತರಿಯಪ್ಪ ತಲೆ ಮೇಲೆ ಕೈಹೊತ್ತು ಕೂತ. ಗೇಟನ್ನು ಹೀಗೆ ನೋಡಿದ, ಹಾಗೆ ನೋಡಿದ. ಇದ್ದಕ್ಕಿದ್ದಂತೆ ಅವನ ಒಳಗಿನ ದರ್ಜಿ ಎದ್ದು ನಿಂತ.

“ಲೇ ಬಡಗಿ, ಇದನ್ನ ನಡುವೆ ಕೊಯ್ದ್ರೆ ಎರಡಡಿಯ ಎರಡು ಗೇಟಾಗುತ್ತಲ್ವಾ?”

“ಆಗುತ್ತೆ.”

“ಅಕ್ಕಪಕ್ಕದ ಬೇಲಿಯಲ್ಲಿ ಗೇಟು ಕೂರಿಸೋಕೆ ಎರಡೆರಡಡಿ ತುಂಡು ತೆಗೀಬೇಕು. ಆ ಎರಡೂ ತುಂಡು ಸೇರಿಸಿದ್ರೆ?”

“ನಾಲ್ಕಡಿ.”

“ಮುಂದೆ ಗೇಟಿಗೆ ಬಿಟ್ಟಿರೋ ಸಂದು ಎಷ್ಟು?”

ಬಡಗಿ ಕ್ಷಣಹೊತ್ತು ಲೆಕ್ಕ ಹಾಕಿದ. “ನಾಲ್ಕಡಿ” ಎಂದವನು ಕಣ್ಣರಳಿಸಿ, “ಏನ್ ತಲೆ ಸ್ವಾಮಿ ನಿಮ್ದು. ಒಂದು ಚಕ್ಕೆನೂ ಮಿಗಲ್ಲ” ಎಂದ.

ಹೆಡ್‌ಮಾಸ್ತರರು ಬೆನ್ನು ತಟ್ಟಿದರು. “ಮೂವತ್ತು ವರ್ಷ ಗಣಿತ ಕಲಿಸಿದೆ, ನನಗೇ ಹೊಳೀಲಿಲ್ಲ” ಎಂದರು. ಕೊಯ್ಯುವ ಕೂಲಿಯನ್ನು ಅವರೂ ನರ್ಸಮ್ಮನೂ ಖುಷಿಯಿಂದ ಹಂಚಿಕೊಂಡರು. ಕತ್ತರಿಯಪ್ಪನ ಕಾಲು ಆಮೇಲೆ ನೆಲದ ಮೇಲಿರಲಿಲ್ಲ.

ಮಧ್ಯಾಹ್ನ ನಾಲ್ಕು ಜನ ಏದುಸಿರು ಬಿಡುತ್ತ ಮುಂದಿನ ಸಂದಿಯಿಂದ ಕಲ್ಲುಬೆಂಚು ಹೊತ್ತು ತಂದರು. ಹುಲ್ಲು ಹಾಸಿದ್ದಾಯಿತು. ಹೆಚ್ಚಾಗಿ ಸಿಕ್ಕ ಅರ್ಧರ್ಧ ಅಡಿಯಲ್ಲಿ ಹೂವಿನ ಗಿಡಗಳು ಸಾಲಾಗಿ ನಿಂತವು. ಹೊಸ ಹುಲ್ಲಿನ ಮೇಲೆ ನಾಯಿ ಹೊರಳಾಡೀತೆಂದು ಕತ್ತರಿಯಪ್ಪ ಮುಂದಿನ ಸಂದಿಗೆ ಆ ಎರಡು ತುಂಡುಗಳನ್ನು ಇಟ್ಟು, ಒಳಗಡೆ ನಿಂತು, ಕೊನೆಯ ಮೊಳೆಯವರೆಗೂ ತಾನೇ ಹೊಡೆದ. ಖರ್ಚು ಸರಿಯಾಗಿ ಎಂಟು ಸಾವಿರ. ಬಡಗಿ ಹೊರಗಿನಿಂದಲೇ ಹಣ ಎಣಿಸಿಕೊಂಡು ಗಾಡಿ ಹತ್ತಿದ.

“ಇನ್ನು ಬಾರೇ” ಎಂದು ಕತ್ತರಿಯಪ್ಪ ಕೂಗಿದ.

ಹೆಂಡತಿ ಎರಡು ಲೋಟ ಚಹಾ ತಟ್ಟೆಯಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಹಸಿರು ಹುಲ್ಲು, ಬಣ್ಣಬಣ್ಣದ ಹೂವು, ಬೆಂಚು ಎಲ್ಲ ನೋಡಿ ಅವಳ ಕಣ್ಣು ತುಂಬಿ ಬಂತು. ಕಾಲುದಾರಿ ದಾಟಿ ಬೇಲಿಯ ಹತ್ತಿರ ನಿಂತು, ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದಳು. ಮತ್ತೆ ವಾಪಸು ನಡೆದಳು.

“ರೀ, ನಾನು ಒಳಗೆ ಬರೋದು ಹೇಗೆ?”

ಕತ್ತರಿಯಪ್ಪ ಬಲಗಡೆ ತಿರುಗಿದ. ಹೆಡ್‌ಮಾಸ್ತರರ ಗೇಟು. ಎಡಗಡೆ ತಿರುಗಿದ. ನರ್ಸಮ್ಮನ ಗೇಟು. ಎದುರಿಗೆ ಗಟ್ಟಿಮುಟ್ಟಾದ ಬೇಲಿ, ಬೇಲಿಯಾಚೆ ಹೆಂಡತಿ. ಅಂಗಿ ಹೊಲಿದು ತಲೆ ತೂರಿಸಲು ಕತ್ತೇ ಬಿಟ್ಟಿರಲಿಲ್ಲ.

“ನಮ್ಮ ಜಾಗದಿಂದ ಬರಬಹುದು, ಆದ್ರೆ ನಾಯಿ ಬಿಟ್ಟಿದ್ದೀನಿ” ಎಂದರು ಬೆಂಚಿನ ಮೇಲೆ ಆಗಲೇ ಕೂತಿದ್ದ ನರ್ಸಮ್ಮ.

“ನಮ್ಮ ಕಡೆ ದಾರಿಗೆ ಬೀಗ ಹಾಕಿದೆ. ತಡಿ, ಕೀಲಿ ಇಲ್ಲೇ ಎಲ್ಲೋ ಇತ್ತು” ಎಂದು ಪಕ್ಕದಲ್ಲಿದ್ದ ಹೆಡ್‌ಮಾಸ್ತರರು ಜೇಬು ತಡಕಾಡತೊಡಗಿದರು.

ಹೆಂಡತಿ ಹೊರಗೆ ಚಹಾ ಹಿಡಿದು ನಿಂತಿರುವುದನ್ನು ಕತ್ತರಿಯಪ್ಪನಿಂದ ನೋಡಲಾಗಲಿಲ್ಲ. “ಇರು, ನಾನೇ ಬಂದು ಎತ್ಕೊಂಡು ಬರ್ತೀನಿ” ಎಂದು ಬೇಲಿ ಹತ್ತಿದ. ಹತ್ತಿದ್ದೇನೋ ಸರಿಯಾಗಿಯೇ ಹತ್ತಿದ. ಇಳಿಯುವಾಗ ಬೇಲಿಯ ಚೂಪು ತುದಿಗೆ ಪ್ಯಾಂಟು ಸಿಕ್ಕಿ, ಸೊಂಟದಿಂದ ಮಂಡಿಯವರೆಗೆ ಪರ್‍ರೆಂದಿತು.

“ಸ್ವಲ್ಪ ಹಿಡ್ಕೊಳ್ಳಿ ನರ್ಸಮ್ಮ” ಎಂದು ಹೆಂಡತಿ ತಟ್ಟೆಯನ್ನು ಬೇಲಿಯ ಮೇಲಿಂದ ದಾಟಿಸಿ, ಗಂಡನ ಹಿಂದೆ ತನ್ನ ಸೆರಗು ಅಡ್ಡ ಹಿಡಿದು ಮನೆಯೊಳಗೆ ಕರೆದೊಯ್ದಳು.

ಊರಿನವರಿಗೆಲ್ಲ ಪ್ಯಾಂಟು ಹೊಲಿಯುವವನಿಗೆ ಸ್ವಂತಕ್ಕೆ ನೆಟ್ಟಗಿದ್ದದ್ದು ಅದೊಂದೇ. ಬೆಳಿಗ್ಗೆ ಅಂಗಡಿ ತೆರೆಯಬೇಕು. ಅವನೇ ಹೊಲಿಯೋಣವೆಂದರೆ ಮೊಳೆ ಹೊಡೆದು ಕೈ ಬೊಬ್ಬೆಯೆದ್ದಿತ್ತು. ಕತ್ತರಿಯಪ್ಪ ಟವೆಲು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತ. ಹೆಂಡತಿ ಬಲ್ಬು ಹಾಕಿ, ಸೂಜಿಗೆ ದಾರ ಪೋಣಿಸಿ, ಅವನ ಮುಖ ನೋಡಿದವಳೇ ತಡೆಯಲಾರದೆ ನಕ್ಕುಬಿಟ್ಟಳು. ಅವಳು ನಕ್ಕದ್ದಕ್ಕೆ ಅವನಿಗೆ ಇನ್ನೂ ಸಂಕಟವಾಯಿತು.

ಆಗ ಬೇಲಿಯ ಕಡೆಯಿಂದ ಹೆಡ್‌ಮಾಸ್ತರರ ದನಿ ಕೇಳಿತು.

“ಕೀಲಿ ಸಿಕ್ತು ಕಣಮ್ಮ. ಅವಸರ ಇಲ್ಲ, ಕೆಲಸ ಮುಗಿಸ್ಕೊಂಡೇ ಬಾ. ಚಹಾ ಆರಿಹೋಗುತ್ತೆ ಅಂತ ನಾವೇ ಕುಡಿದ್ವಿ. ನಾಳೆಯಿಂದ ನಮ್ಮಿಬ್ಬರಿಗೂ ಸಕ್ಕರೆ ಒಂಚೂರು ಕಮ್ಮಿ ಇರ್ಲಿ.”