ಬುಧವಂತನ ಮಾನದ ಕಾಯಿ

ಪುಕ್ಕಟೆ ಕೆಲಸಕ್ಕ ಕುಂತ ಮನಷ್ಯಾಗ ಏನೇನು ಆಗಬಾರದೋ ಅವೆಲ್ಲಾ ಆಗ್ತಾವ, ಅದೂ ಚಾ ಕುಡಿಯೂ ಹೊತ್ತಿಗೇ ಆಗ್ತಾವ. ನಾ ದಾಂಡೇಲ್ಯಾಗ ಇಂಟರ್ನೆಟ್ ಅಂಗಡಿ ಇಟ್ಟಿದ್ದಾಗ ಇದನ್ನ ಕಣ್ಣಾರೆ ಕಂಡೇನಿ. ನೆನಸಿಕೊಂಡ್ರ ಈಗೂ ನಗು ಬರತೈತಿ. ನಕ್ಕ ಮ್ಯಾಲ ಒಂದಿಷ್ಟು ಹೊತ್ತು ಯಾರ ಜೋಡೀನೂ ಮಾತಾಡಬ್ಯಾಡ ಅನಸ್ತೈತಿ.

ಎರಡು ಸಾವಿರದ ಇಸ್ವಿ ದಾಟಿ ಒಂದಿಷ್ಟು ವರ್ಷ ಆಗಿತ್ತು. ಆವಾಗ ಮೊಬೈಲಿನಾಗ ಮಂದಿ ಬರೇ ಮಾತಾಡ್ತಿದ್ರು. ಇಂಟರ್ನೆಟ್ ಬೇಕಂದ್ರ ನನ್ನಂಥವನ ಅಂಗಡಿಗೆ ಬಂದು ತಾಸಿನ ಲೆಕ್ಕದಾಗ ಕೂಡಬೇಕಿತ್ತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡಿಯವರು, ಊರಾಗ ಇದ್ದವರು, ಊರು ಬಿಟ್ಟವರು, ಎಲ್ಲಾ ಕೂಡಿ ಇಂಟರ್ನೆಟ್ಟಿನ ಒಂದು ತಾಣದಾಗ ‘ಕಾಳಿ ದಂಡಿ’ ಅಂತ ಗುಂಪು ಮಾಡಿದ್ವಿ. ಗುಂಪು ಅಂದ ಮ್ಯಾಲ ಜಗಳ ಬಂದೇ ಬರತಾವ. ಬೈಗುಳ ಬರದ್ರ ಅಳಸೂದು, ಜಗಳ ಹತ್ತಿದ್ರ ಬಿಡಸೂದು, ಕೇಳದವರನ್ನ ಹೊರಗ ಹಾಕೂದು, ಇದಕ್ಕ ಒಬ್ಬ ಬೇಕು. ಅವಗ ಮಾಡರೇಟರ್ ಅಂತಾರ. ಪಗಾರ ಇರೂದಿಲ್ಲ.

ನಮ್ಮ ಮಾಡರೇಟರ್ ಒಬ್ಬ ಸಿದ್ದಿ ಕಾಕಾ. ಸಿದ್ದಿ ಅಂದ್ರ ನೂರಾರು ವರ್ಷದ ಹಿಂದ ಆಫ್ರಿಕಾದಿಂದ ಬಂದು ನಮ್ಮ ಕಾಡಿನಾಗ ನೆಲಿ ನಿಂತ ಮಂದಿ. ಹಳಿಯಾಳ ಕಡಿ ಒಂದು ವಾಡಾದವರು, ಅಂದ್ರ ಸಿದ್ದಿ ಮಂದಿಯ ಕೇರಿಯವರು. ಕಾರ್ಖಾನಿ ಗೇಟ್ ಕಾದು ರಿಟೈರ್ ಆಗಿ, ನನ್ನ ಅಂಗಡಿ ಹಿಂದಿನ ಓಣ್ಯಾಗ ಇದ್ರು. ಅವರ ಅಪ್ಪ ವಾಡಾದ ಬುಧವಂತ ಇದ್ರು. ಬುಧವಂತ ಅಂದ್ರ ವಾಡಾದ ಹಿರಿಯ, ಜಗಳ ಬಗಿಹರಸಾಂವ. ಅವಗೂ ಪಗಾರ ಇಲ್ಲ. ಆದ್ರ ಯಾರ ಮನ್ಯಾಗ ಮದುವಿ ಆದ್ರೂ ಮೊದಲನೇ ತೆಂಗಿನಕಾಯಿ ಅವನ ಮನಿಗೆ ಹೋಗಬೇಕು. ಅದಕ್ಕ ಮಾನದ ಕಾಯಿ ಅಂತಾರ. ಅಪ್ಪ ಹೋದ ಮ್ಯಾಲ ಆ ಜಾಗಾ ಕಾಕಾಗ ಬರಬೇಕಿತ್ತು. ಇವರು ಶಿಫ್ಟ್ ಡ್ಯೂಟ್ಯಾಗ ಸಿಕ್ಕೊಂಡು ಪಂಚಾಯ್ತಿಗೆ ಹೋಗಾಕ ಆಗ್ಲಿಲ್ಲ, ಜಾಗಾ ದಾಯಾದಿ ಪಾಲಾತು. ಕಾಯಿನೂ ಆ ಮನಿಗೇ ಹೋತು.

ಮಾಡರೇಟರ್ ಕೆಲಸ ಏನು ಅಂತ ನಾ ತಿಳಿಸಿ ಹೇಳಿದಾಗ ಕಾಕಾ, “ಅಂದ್ರ ಇದು ಬುಧವಂತಿಕಿ ಅಲ್ಲೇನೋ ತಮ್ಮಾ?” ಅಂದ್ರು. ಗುಂಪಿನಾಗ ಹೆಸರೂ ಅದನ್ನ ಇಟಗೊಂಡ್ರು, ‘ಬುಧವಂತ’ ಅಂತ. ಫೋಟೋದ ಜಾಗಾದಾಗ ತಮ್ಮ ಮಾರಿ ಬಿಟ್ಟು ಸೂಪಾ ಡ್ಯಾಮ್ ಹಚ್ಚಿಸಿದ್ರು. ಯಾಕ ಅಂತ ಕೇಳಿದೆ. “ಅದು ನನಗಿಂತ ಚಂದ ಐತಿ” ಅಂದ್ರು.

ಎಮ್ಮಿ ಹಾಲು

ಆವಾಗ ನಮಗ ಕಂಪ್ಯೂಟರಿನಾಗ ಕನ್ನಡ ಅಕ್ಷರ ಮೂಡಸಾಕ ಬರ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀತಿದ್ವಿ. ಅದರಾಗ ‘ಲ’ಕ್ಕೂ ‘ಳ’ಕ್ಕೂ ಒಂದ ಅಕ್ಷರ.

ಮುಂಡಗೋಡದ ಒಬ್ಬಾತ ಹೊಸ ಮನಿ ಕಟ್ಟಿಸಿ, ಶಾಂತಿ ಮಾಡಿದ ಸುದ್ದಿ ಹಾಕಿದ. ಜೋಯಿಡಾದ ಒಬ್ಬ ಟೀಚರ್ ಬಾಯಿ ಖುಷಿಯಿಂದ, ‘ನಿಮ್ಮ ಮನಿ ತುಂಬ ಹಾಲಾಗ್ಲಿ’ ಅಂತ ಬರದ್ರು. ಅಂವ ಓದಿದ್ದು, ‘ನಿಮ್ಮ ಮನಿ ತುಂಬ ಹಾಳಾಗ್ಲಿ.’ ಸಿಟ್ಟು ನೆತ್ತಿಗೇರಿ ಅವರ ಮನಿತನ ಎಲ್ಲಾ ಜಾಲಾಡಿ ಬರದ. ಆಕಿ ಕಡಿಯವರು ಇಂವನ ಮ್ಯಾಲ ಬಿದ್ರು. ಸಂಜೀಕ ಅನ್ನೂದ್ರಾಗ ಜೋಯಿಡಾಕ್ಕೂ ಮುಂಡಗೋಡಕ್ಕೂ ಮಾತು ಬಂದ್.

ಕಾಕಾ ಎಲ್ಲಾ ಓದಿ, ಒಂದ ಬೆರಳಲೆ ಅಕ್ಷರ ಹುಡುಕಿ ಹುಡುಕಿ ಒತ್ತಿ ತೀರ್ಪು ಕೊಟ್ರು: ‘ಇನ್ನ ಮುಂದ ಈ ಗುಂಪಿನಾಗ ಕುಡಿಯೂ ಹಾಲಿಗೆ ಎಮ್ಮಿ ಹಾಲು ಅಂತನ ಬರೀಬೇಕು.’

ಮಂದಿ ಒಪ್ಪಿದ್ರು. ಜಗಳ ಮುಗೀತು. ಮುಂದ ಸ್ವಲ್ಪ ದಿನಕ್ಕ ಗುಂಪಿನ ಒಬ್ಬ ಹುಡುಗನ ಮದುವಿ ಗೊತ್ತಾತು. ಎಲ್ಲಾರೂ ನಿಯಮ ಪಾಲಿಸಿ, ‘ನಿಮ್ಮ ಸಂಸಾರ ಎಮ್ಮಿ ಹಾಲು ಜೇನಿನಂಗ ಇರ್ಲಿ’ ಅಂತ ಸಾಲಾಗಿ ಬರದ್ರು. ಮರುದಿನ ಹೆಣ್ಣಿನ ಅಪ್ಪ ನನ್ನ ಅಂಗಡಿ ಹೊಸ್ತಿಲದಾಗ ನಿಂತು ಕೇಳಿದ, “ಎಮ್ಮಿ ಅಂದದ್ದು ನನ್ನ ಮಗಳಿಗೇನ್ರಿ?”

ಬಡಿಯಾಕ ಬಂದಾಂವ

ಗಣೇಶಗುಡಿ ಕಡಿ ಒಬ್ಬಾತ ಇದ್ದ. ಪ್ರವಾಸಿ ಮಂದಿನ್ನ ಹೊಳ್ಯಾಗ ದೋಣಿ ಹತ್ತಸಾಂವ, ತೋಳು ಒನಕಿ ಇದ್ದಂಗ ಇದ್ದು. ಅಂವ ಯಾರಿಗೋ ತಾಯಿ ಎತ್ತಿ ಬೈದು ಬರದಿದ್ದ, ಕಾಕಾ ಅದನ್ನ ಅಳಸಿದ್ರು. ಅಂವ ಕೂಡೂ ಜಾಗಾ ಕೇಳಿ ತಿಳಕೊಂಡು, ಆ ಮಾಡರೇಟರನ್ನ ಬಡದ ಬರ್ತೇನಿ ಅಂತ ಬಸ್ ಹತ್ತಿ ಸೀದಾ ನನ್ನ ಅಂಗಡಿಗೆ ಬಂದ.

“ಎಲ್ಲಿ ಅದಾನ ಆ ಬುಧವಂತ?”

ಕಾಕಾ ಅಲ್ಲೇ ಕಂಪ್ಯೂಟರ್ ಮುಂದ ಕುಂತಿದ್ರು. ನಾ ಬಾಯಿ ತಗಿಯೂದ್ರಾಗ ಅವರೇ ಎದ್ದು, “ಬರ್ರಿ, ಕೂಡ್ರಿ. ಬಿಸಲಾಗ ಬಂದೀರಿ” ಅಂತ ತಮ್ಮ ಕುರ್ಚಿ ಬಿಟ್ಟು ಕೊಟ್ರು. ಹೊರಗ ಹೋಗಿ ಚಾ ತಂದ್ರು. ಅಂವ ಮಾಡರೇಟರನ್ನ ಬೈಯಾಕ ಶುರು ಮಾಡಿದ. ಕಾಕಾ ಎದುರಿಗೆ ಸ್ಟೂಲಿನ ಮ್ಯಾಲ ಕುಂತು, “ಹೌದ್ರಿ, ಅಂವ ಭಾಳ ಮೊಂಡ ಅದಾನ” ಅಂದ್ರು. “ನಾನೂ ಭಾಳ ಸಲ ಹೇಳೇನಿ, ಕೇಳೂದಿಲ್ಲ. ಮನ್ಯಾಗೂ ಹಂಗ ಅಂತ, ಅವನ ಹೆಂಡತಿ ಹೇಳ್ತಾಳ.”

ಅಂವ ಬೈದು ಬೈದು ದಣಿದ. ಆಮ್ಯಾಲ ಸಣ್ಣ ದನಿ ಮಾಡಿ, ತಾಯಿ ಎತ್ತಿ ಬರದದ್ದು ತಪ್ಪಾತು, ನಮ್ಮವ್ವ ಹೋಗಿ ಇನ್ನೂ ವರ್ಷ ಆಗಿಲ್ಲ, ನನಗ ತಿಳಿಬೇಕಿತ್ತು ಅಂದ. ಕಾಕಾ ಅವನ ಹೆಗಲ ಮ್ಯಾಲ ಕೈ ಇಟ್ರು. ಹೋಗೂ ಮುಂದ ಅಂವ ಕಾಕಾನ ಎರಡೂ ಕೈ ಹಿಡಕೊಂಡು, “ನಿಮ್ಮಂಥವ್ರು ಮಾಡರೇಟರ್ ಆಗಬೇಕಿತ್ತು ನೋಡ್ರಿ” ಅಂದ.

ಅಂವ ಹೋದ ಮ್ಯಾಲ ನಾ ಹೊಟ್ಟಿ ಹಿಡಕೊಂಡು ನಕ್ಕೆ. ಕಾಕಾ ನಗಲಿಲ್ಲ. “ಅವಗ ಹೇಳಬ್ಯಾಡ” ಅಂದ್ರು. “ಮಾಡರೇಟರ್ ಅಂದ್ರ ಹೆಂಗಿರ್ತಾನ ಅಂತ ಅವನ ತಲ್ಯಾಗ ಒಂದು ಮಾರಿ ಐತಿ. ಅದು ನನ್ನ ಮಾರಿ ಅಲ್ಲ. ಇಲ್ಲಾಂದ್ರ ಎದುರಿಗೆ ಕುಂತಾಂವ ನಾನ ಅಂತ ತಿಳೀತಿರಲಿಲ್ಲೇನು?” ನನಗ ಆ ಮಾತು ಚುಚ್ಚಿತು. ಡ್ಯಾಮಿನ ಫೋಟೋ ಯಾಕ ಹಚ್ಚಿಸಿದ್ರು ಅನ್ನೂದೂ ಆವಾಗ ತಿಳೀತು. ನಾ ಬ್ಯಾರೆ ಏನರ ಮಾತಾಡಬೇಕಂತ, ಅಂವ ಬಡಿದಿದ್ರ ಏನ್ ಮಾಡ್ತಿದ್ರಿ ಅಂತ ಕೇಳಿದೆ.

“ಬಡೀತಿರಲಿಲ್ಲ ಬಿಡು” ಅಂದ್ರು. “ಚಾ ಭಾಳ ಸುಡೂದು ತಂದಿದ್ದೆ, ಎರಡೂ ಕೈಲೆ ಹಿಡೀಬೇಕಾಗಿತ್ತು.”

ಪಗಾರದ ಪಂಚಾಯ್ತಿ

ಕಾಕಾಗ ಉಬ್ಬಸ ಇತ್ತು. ಮಳಿಗಾಲದಾಗ ಕೆಮ್ಮಿಕೋತ ಬಂದು ಕೂಡ್ತಿದ್ರು. ಒಂದ ದಿನ ಅವರ ಹೆಂಡತಿ, ನಮ್ಮ ಕಾಕು, ಛತ್ರಿ ಹಿಡಕೊಂಡು ಅಂಗಡಿಗೆ ಬಂದ್ರು.

“ಗೇಟ್ ಕಾದಾಗ ಪಗಾರ ಕೊಟ್ರು” ಅಂದ್ರು, ಕಂಪ್ಯೂಟರ್ ಕಡಿ ಕೈ ಮಾಡಿ. “ಈ ಕಿಡಕಿ ಕಾದ್ರ ಏನು ಕೊಡ್ತಾರ?”

“ಮಾನ ಕೊಡ್ತಾರ” ಅಂದ್ರು ಕಾಕಾ.

“ಕಾಯಿ ಎಲ್ಲೈತಿ?”

ಕಾಕಾ ಕಂಪ್ಯೂಟರ್ ಕಡಿ ತಿರುಗಿದ್ರು. ಕಾಕು ಕೇಳಿದ್ದರಾಗ ತಪ್ಪೇನಿರಲಿಲ್ಲ. ರೊಕ್ಕರ ಬರಲಿ, ಕಾಯಿರ ಬರಲಿ, ತನ್ನ ಗಂಡನ ಕೆಲಸಕ್ಕ ಬೆಲಿ ಐತಿ ಅಂತ ಯಾರಾದ್ರೂ ಒಬ್ರು ಹೇಳಬೇಕು, ಅಷ್ಟ ಆಕಿ ಆಸೆ. ನನಗ ತಡೀಲಿಲ್ಲ. ‘ನಮ್ಮ ಬುಧವಂತರಿಗೆ ಎಲ್ಲಾರೂ ಕೂಡಿ ತಿಂಗಳಾ ಏನರ ಕೊಡೂಣು’ ಅಂತ ಗುಂಪಿನಾಗ ಬರದೆ.

ಹತ್ತಿತು ನೋಡ್ರಿ. ‘ಪಗಾರ ಕೊಟ್ರ ಅಂವ ನಮ್ಮ ಆಳು ಆಗ್ತಾನ, ಆಳಿನ ತೀರ್ಪು ಯಾರು ಕೇಳ್ತಾರ?’ ಅಂದ ಒಬ್ಬ. ‘ತಾಣದ ಮಾಲಕ ಜಾಹೀರಾತು ಹಾಕಿ ಗಳಸ್ತಾನ, ಅಂವ ಕೊಡ್ಲಿ’ ಅಂದ ಇನ್ನೊಬ್ಬ. ‘ಪ್ರೀತಿಯಿಂದ ಮಾಡೂ ಕೆಲಸಕ್ಕ ರೊಕ್ಕ ಕೊಟ್ರ ಪ್ರೀತಿ ಕೆಡತೈತಿ’ ಅಂತ ಒಬ್ರು. ಇವರು ಬ್ಯಾಂಕಿನಾಗ ಇದ್ದವರು, ತಮ್ಮ ಪಗಾರಿನ ಪ್ರೀತಿ ಎಂದೂ ಬಿಟ್ಟವರಲ್ಲ. ಕಡೀಕೊಬ್ಬ, ‘ಅಂವ ಏನು ಮಾಡ್ತಾನ? ಕುಂತಲ್ಲೆ ಬೆರಳಲೆ ಒತ್ತತಾನ’ ಅಂತ ಬರದ.

ತಮ್ಮ ಪಗಾರಿನ ಜಗಳಕ್ಕ ತಾವ ಪಂಚರಾಗಿ ಕಾಕಾ ಕುಂತಿದ್ರು, ಕೆಮ್ಮಿಕೋತ. “ಅದನ್ನ ಅಳಸ್ರಿ ಕಾಕಾ” ಅಂದೆ. “ಯಾಕ? ಬೈಗುಳ ಇಲ್ಲಲ್ಲ ಅದರಾಗ” ಅಂದ್ರು. ನಾ ಬ್ಯಾರೆ ಕಂಪ್ಯೂಟರ್‌ದಾಗ ಕುಂತು, ಬೆರಳು ಅಂದಾವಗ ಬಾಯಿಗೆ ಬಂದಂಗ ಬರದೆ. ನೋಡನೋಡೂದ್ರಾಗ ನನ್ನ ಮಾತು ಮಾಯ ಆತು.

“ಇದರಾಗ ಬೈಗುಳ ಐತಿ” ಅಂದ್ರು ಕಾಕಾ.

ಒಂದು ವಾರ ನನ್ನನ್ನ ಗುಂಪಿನಿಂದ ಹೊರಗ ಹಾಕಿದ್ರು. ಅದೂ ನನ್ನ ಅಂಗಡ್ಯಾಗ ಕುಂತು, ನನ್ನ ಕಂಪ್ಯೂಟರಿನಾಗ, ನಾ ಕೊಡಿಸಿದ ಚಾ ಕುಡಕೋತ.

ಎಲ್ಲಿ ಸತ್ತಾನ

ಆ ಮಳಿಗಾಲ ಮುಗಿಯೂದ್ರಾಗ ಕಾಕಾ ಹೋದ್ರು. ಮನ್ಯಾಗ, ಮುಂಜಾನೆ, ಎದ್ದು ಕುಂತಲ್ಲೆ. ವಾಡಾಕ್ಕ ಒಯ್ದ್ರು. ನಾ ಅಂಗಡಿ ಮುಚ್ಚಿ ಮಣ್ಣಿಗೆ ಹೋದೆ.

ಗುಂಪಿಗೆ ಗೊತ್ತಿರಲಿಲ್ಲ. ನಾ ಬಂದು ಅಂಗಡಿ ಬಾಗಲಾ ತಗದು ಗುಂಪು ನೋಡಿದ್ರ ಅಲ್ಲಿ ಹಳಿಯಾಳದವರಿಗೂ ದಾಂಡೇಲಿಯವರಿಗೂ ಕ್ರಿಕೆಟ್ ಮ್ಯಾಲ ಜಗಳ ಹತ್ತಿ, ಬಾಯಾಗ ಬರಬಾರದ್ದೆಲ್ಲಾ ಬಂದಿತ್ತು. ಬಿಡಸವ್ರಿಲ್ಲ. ಅದರ ಕೆಳಗ, ಹಿಂದಕ ‘ಬೆರಳಲೆ ಒತ್ತತಾನ’ ಅಂದಿದ್ನಲ್ಲ, ಅವನೇ ಸಿಟ್ಟಿಲೆ ಕೇಳಿದ್ದ: ‘ಈ ಬುಧವಂತ ಎಲ್ಲಿ ಸತ್ತಾನ?’

ನಮ್ಮ ಕಡಿ ಇದು ಬರೇ ಮಾತು. ಮನಷ್ಯಾ ಕಾಣಲಿಲ್ಲಂದ್ರ ಹಂಗ ಕೇಳ್ತೇವಿ, ಕೆಟ್ಟದ್ದು ಅಂತ ಕೇಳೂದಿಲ್ಲ. ನಾ ಭಾಳ ಹೊತ್ತು ಅದನ್ನ ನೋಡಿದೆ. ಆಮ್ಯಾಲ ಅದರ ಕೆಳಗ ಬರದೆ: ‘ಮನ್ಯಾಗ. ಮುಂಜಾನೆ.’

ಕ್ರಿಕೆಟ್ ಜಗಳ ಅಲ್ಲಿಗೆ ನಿಂತುಬಿಡ್ತು. ಕಾಕಾ ಬಿಡಿಸಿದ ಕಡೀ ಜಗಳ ಅದು.

ಕಾಯಿ

ಮರುದಿನದಿಂದ ಎಲ್ಲಾರಿಗೂ ಅಳು ಬಂತು. ಈಗರ ಅವರ ಮನಿಗೆ ಏನರ ಕೊಡೂಣು ಅಂದ್ರು. ಅದಕ್ಕ ಗೌರವಧನ ಅನ್ನಬೇಕೋ ಸಹಾಯಧನ ಅನ್ನಬೇಕೋ ಅಂತ ಮತ್ತ ಹತ್ತಿತು. ನಾ ಹೋಗಿ ಕಾಕುನ್ನ ಕೇಳಿದೆ.

“ಧನ ಗಿನ ಬ್ಯಾಡೋ ತಮ್ಮಾ” ಅಂದ್ರು. “ಇಷ್ಟು ಮಂದಿ ಜಗಳ ಬಿಡಿಸಿದ್ರಲ್ಲ, ಅವ್ರಿದ್ದಾಗ ಯಾರಾದ್ರೂ ಒಬ್ರು ಒಂದು ಕಾಯಿ ಕಳಸಬೇಕಿತ್ತು. ‘ಬಂತು ನೋಡ’ ಅಂತ ನನ್ನ ಮುಂದ ತಂದು ಇಡ್ತಿದ್ರು. ಅವರಿಗೆ ಅಷ್ಟ ಸಾಕಿತ್ತು.” ಹಂಗ ಅಂದು ಸೆರಗು ಬಾಯಿಗೆ ಒತ್ತಿಕೊಂಡ್ರು.

ಈ ಮಾತನ್ನ ನಾ ಹೆಂಗ ಇತ್ತೋ ಹಂಗ ಗುಂಪಿನಾಗ ಬರದೆ. ಯಾರೂ ಏನೂ ಉತ್ತರ ಬರೀಲಿಲ್ಲ. ನನಗ ಸಿಟ್ಟು ಬಂತು, ಹಾಳಾಗಿ ಹೋಗ್ರಿ ಅಂತ ಬಿಟ್ಟೆ.

ಆಮ್ಯಾಲ ನನ್ನ ಅಂಗಡಿಗೆ ಕಾಯಿ ಬರಾಕ ಶುರು ಆದ್ವು. ಪುಣೆದಿಂದ ಒಂದು ಪಾರ್ಸಲ್ ಬಂತು, ಹಾದ್ಯಾಗ ಒಡದು, ನೀರು ಸೋರಿ, ತಂದವನ ಅಂಗಿ ಎಲ್ಲಾ ತೊಯ್ದಿತ್ತು. ಮಸ್ಕತ್ತಿನಾಗ ಇದ್ದಾಂವ ಮುಂಡಗೋಡ ಹತ್ರ ಚಿಗಳ್ಳಿ ಊರಾಗಿನ ತಮ್ಮಗ ಹೇಳಿ, ಆ ತಮ್ಮ ಚೀಲ ಹೊತ್ತು ಬಸ್ಸಿಗೆ ಬಂದ. ‘ಬೆರಳಲೆ ಒತ್ತತಾನ’ ಅಂದಾಂವ ಎರಡು ಕಳಿಸಿದ. ದಾಂಡೇಲಿ ಮಂದಿ ಹಾದು ಹೋಗೂ ಮುಂದ ಇಟ್ಟು ಹೋದ್ರು. ಅಂಗಡ್ಯಾಗ ಕಾಲಿಡಾಕ ಜಾಗಾ ಇಲ್ಲದಂಗ ಆತು. ಗಿರಾಕಿ ಕಾಯಿ ಸರಿಸಿ ಕುಂತು ಈಮೇಲ್ ನೋಡ್ತಿದ್ರು.

ಹಿಂದಕ ಬಡಿಯಾಕ ಬಂದಿದ್ದ ಗಣೇಶಗುಡಿ ಪೈಲವಾನನೂ ಬಂದ, ಕಂಕುಳಾಗ ಒಂದು ಕಾಯಿ ಹಿಡಕೊಂಡು. ನಾಕೂ ಕಡಿ ನೋಡಿದ. “ಆವತ್ತ ಚಾ ತಂದುಕೊಟ್ಟ ಹಿರ್ಯಾರು ಎಲ್ಲಿ? ಅವರಿಗೂ ಒಂದು ಮಾತು ಹೇಳಿ ಹೋಗೂಣು ಅಂತ ಬಂದೆ.”

ಇನ್ನ ಮುಚ್ಚಿಡೂದು ಏನೈತಿ ಅಂತ ನಾ ಅಂದೆ, “ನೀವು ಕಾಯಿ ತಂದದ್ದು ಅವರಿಗೇ.”

ಅವಗ ತಿಳಿಯಾಕ ಸ್ವಲ್ಪ ಹೊತ್ತು ಹಿಡೀತು. ತಿಳಿದ ಮ್ಯಾಲ ಆ ಕುರ್ಚಿ ಮುಂದ ಕಾಯಿ ಮಡಿಲಾಗ ಇಟಗೊಂಡು ನೆಲಕ್ಕ ಕುಂತುಬಿಟ್ಟ. ಅಷ್ಟು ದೊಡ್ಡ ಮನಷ್ಯಾ ಸಣ್ಣ ಹುಡುಗರಂಗ ಅತ್ತ. ನನಗೂ ತಡ್ಕೊಳ್ಳಾಕ ಆಗ್ಲಿಲ್ಲ.

ಆವತ್ತ ಸಂಜೀಕ ಕಾಕುನ್ನ ಕರಕೊಂಡು ಬಂದೆ. ಬಾಗಲದಾಗ ನಿಂತು ಆ ರಾಶಿ ನೋಡಿದ್ರು. ಒಂದು ಕಾಯಿ ಎತ್ತಿ ಕಿವಿ ಹತ್ರ ಅಲುಗಾಡಿಸಿ ನೀರು ಐತೇನು ಅಂತ ನೋಡಿದ್ರು. ಕಾಕಾನ ಕುರ್ಚಿ ಮ್ಯಾಲ ಅದನ್ನ ಇಟ್ಟು, “ಬಂತು ನೋಡ್ರಿ” ಅಂದ್ರು, ಎದುರಿಗೆ ಅವರೇ ಕುಂತಾರೇನೋ ಅನ್ನೂವಂಗ. ಪೈಲವಾನ ಮತ್ತ ಕಣ್ಣು ಒರಸಿಕೊಂಡ.

ಆಮ್ಯಾಲ ಕಾಕು ನನ್ನ ಕಡಿ ತಿರುಗಿದ್ರು. ಕಾಕಾ ಹೋದ ಮ್ಯಾಲ ಅವರು ನಕ್ಕದ್ದನ್ನ ಅವತ್ತ ಮೊದಲ ಸಲ ಕಂಡೆ.

“ತಮ್ಮಾ, ಇಷ್ಟು ಕಾಯಿ ಕಾಯಾಕ ಯಾರನ್ನ ಇಡ್ತಿ?” ಅಂದ್ರು. “ಪುಕ್ಕಟೆ ಕಾಯಾವ್ರು ಹೋದ್ರಲ್ಲ.”